ಉಸಿರಿನಲ್ಲಿ ಎಳೆದುಕೊಳ್ಳುವ ಇನ್ಸುಲಿನ್ ಬೆಕ್ಕಿಗೆ ಆಗುತ್ತದೆಯೇ?



ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬೆಕ್ಕಿಲ್ಲದ ಕೊಟ್ಟಿಗೆ ಕಡಿಮೆ. ಹಿಂಡಿ ಚೀಲಕ್ಕೆ ಇಲಿ ಬಾರದಂತೆ ಕಾಯುವುದು ಅದೇ. ಹಾಗಾಗಿ ಈ ಸಲ ಹಸುವನ್ನು ಬಿಟ್ಟು ಬೆಕ್ಕಿನ ವಿಷಯ.

ಬೆಕ್ಕಿಗೂ ಸಕ್ಕರೆ ಕಾಯಿಲೆ ಬರುತ್ತದೆ. ವಯಸ್ಸಾದ, ಮೈ ಬಂದ, ಸಂತಾನಹರಣ ಚಿಕಿತ್ಸೆಯಾದ ಗಂಡು ಬೆಕ್ಕುಗಳಲ್ಲಿ ಹೆಚ್ಚು. ವಿಪರೀತ ನೀರು ಕುಡಿಯುತ್ತದೆ, ಪದೇ ಪದೇ ಮೂತ್ರ ಮಾಡುತ್ತದೆ, ಚೆನ್ನಾಗಿ ತಿಂದರೂ ಸೊರಗುತ್ತದೆ. ಕೆಲವು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತವೆ. ಎಲ್ಲೋ ಪೆಟ್ಟು ಬಿದ್ದಿರಬೇಕೆಂದು ಸುಮ್ಮನಾಗಬೇಡಿ. ಗಾಬರಿಯಾದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ತಾನಾಗಿಯೇ ಏರುವುದರಿಂದ ಒಂದೇ ರಕ್ತಪರೀಕ್ಷೆ ಸಾಲದು, ಮೂತ್ರವನ್ನೂ ನೋಡಬೇಕಾಗುತ್ತದೆ.

ಮನುಷ್ಯರಿಗೆ ಈಗ ಪುಡಿ ರೂಪದ, ಬಾಯಿಂದ ಉಸಿರೆಳೆದು ತೆಗೆದುಕೊಳ್ಳುವ ಇನ್ಸುಲಿನ್ ಬಂದಿದೆ. ಅಮೆರಿಕದಲ್ಲಿ 2014ರಲ್ಲಿ, ನಮ್ಮ ದೇಶದಲ್ಲಿ 2024ರ ಡಿಸೆಂಬರ್‌ನಲ್ಲಿ ಅನುಮತಿ ಸಿಕ್ಕಿತು. ಚುಚ್ಚುವ ಬದಲು ಬೆಕ್ಕಿಗೂ ಅದನ್ನೇ ಕೊಡಬಹುದೇ? ಬೇಡ. ಜೋರಾಗಿ ಉಸಿರೆಳೆದುಕೋ ಎಂದರೆ ಬೆಕ್ಕು ಕೇಳುತ್ತದೆಯೇ! ಎಷ್ಟು ಪುಡಿ ಒಳಗೆ ಹೋಯಿತು, ಎಷ್ಟು ಹೊರಗೆ ಚೆಲ್ಲಿತು ಎಂದು ಯಾರೂ ಹೇಳಲಾರರು. ಅದರ ಚಿಕ್ಕ ಡೋಸೇ 4 ಯೂನಿಟ್‌ನದು. ಬೆಕ್ಕಿಗೆ ಚುಚ್ಚುಮದ್ದನ್ನು ಸಾಮಾನ್ಯವಾಗಿ ಒಂದು ಯೂನಿಟ್‌ನಿಂದ ಶುರು ಮಾಡುತ್ತೇವೆ. ಅಲ್ಲದೆ ಆ ಪುಡಿ ಊಟದ ಹೊತ್ತಿನ ಸಕ್ಕರೆಗೆ, ಕೆಲವೇ ಗಂಟೆ ಕೆಲಸ ಮಾಡುವಂಥದ್ದು. ಬೆಕ್ಕಿಗೆ ಬೇಕಿರುವುದು ನಿಧಾನವಾಗಿ, ಹೆಚ್ಚು ಹೊತ್ತು ಕೆಲಸ ಮಾಡುವ ಇನ್ಸುಲಿನ್.

ಆದ್ದರಿಂದ ಸೂಜಿಯೇ ಗತಿ. ಸೂಜಿ ತೀರಾ ಸಣ್ಣದು, ಬೆನ್ನಿನ ಸಡಿಲ ಚರ್ಮದಡಿ ಚುಚ್ಚುವುದು. ಆಹಾರ ತಿಂದ ಮೇಲೆ, 12 ಗಂಟೆಗೊಮ್ಮೆ. ಎರಡು ಹೊತ್ತು ತಪ್ಪದೆ ಹಾಲು ಕರೆಯುವ ನಿಮಗೆ ಈ ಶಿಸ್ತು ಪೇಟೆಯವರಿಗಿಂತ ಸುಲಭ ಎಂದು ನನ್ನ ಅಭಿಪ್ರಾಯ. ಬಾಟಲಿಯ ಮೇಲೆ 40 ಎಂದಿದ್ದರೆ ಸಿರಿಂಜೂ 40ರದ್ದೇ ಇರಬೇಕು. 100ರದ್ದು 100ಕ್ಕೆ. ಇದು ಅದಲುಬದಲಾದರೆ ಡೋಸ್ ಎರಡೂವರೆ ಪಟ್ಟು ಹೆಚ್ಚುಕಡಿಮೆಯಾಗಿ ಜೀವಕ್ಕೇ ಅಪಾಯ. ಮನೆಯ ಹಿರಿಯರ ಸಕ್ಕರೆ ಮಾತ್ರೆಯನ್ನೂ ಅದಕ್ಕೆ ಕೊಡಬೇಡಿ.

ಅನ್ನ-ಹಾಲು ಕಡಿಮೆ ಮಾಡಿ, ಮೀನು, ಮೊಟ್ಟೆ ಹೆಚ್ಚಿಸಬೇಕು. ಮನೆಯಲ್ಲಿ ಅದು ನಡೆಯದಿದ್ದರೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರವಿದೆ. ಬೇಗ ಚಿಕಿತ್ಸೆ ಶುರುವಾದರೆ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ನೇ ಬೇಡವಾಗುತ್ತದೆ. ಆದರೆ ಇನ್ಸುಲಿನ್ ನಡೆಯುತ್ತಿರುವಾಗ ವೈದ್ಯರಿಗೆ ಹೇಳದೆ ಆಹಾರ ಬದಲಿಸಬೇಡಿ, ಸಕ್ಕರೆ ದಿಢೀರನೆ ಇಳಿದೀತು. ಅದು ತಿನ್ನದಿದ್ದ ಹೊತ್ತಿನಲ್ಲೂ ಕೇಳದೆ ಚುಚ್ಚಬೇಡಿ.

ಚುಚ್ಚಿದ ಮೇಲೆ ಬೆಕ್ಕು ತೂರಾಡಿದರೆ, ನಡುಗಿದರೆ, ಮಂಕಾದರೆ ಸಕ್ಕರೆ ಇಳಿದಿದೆ ಎಂದು ತಿಳಿಯಿರಿ. ಅಡುಗೆಮನೆಯ ಜೋನಿಬೆಲ್ಲವನ್ನು ಸ್ವಲ್ಪ ಒಸಡಿಗೆ ಸವರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಸುರಿಯಬೇಡಿ, ಒಸಡಿಗೆ ಸವರಿಕೊಂಡೇ ಆಸ್ಪತ್ರೆಗೆ ತನ್ನಿ. ಬೆಲ್ಲದಿಂದ ಚೇತರಿಸಿಕೊಂಡರೂ ಮುಂದಿನ ಡೋಸ್ ಕೊಡುವ ಮೊದಲು ವೈದ್ಯರಿಗೆ ಫೋನ್ ಮಾಡಿ.