ಕೋಲಿನೆಸ್ಟರೇಸ್ ಪರೀಕ್ಷೆಗೆ ಸಿಗದ ಕೀಟನಾಶಕ

“ರಕ್ತದ ಕೋಲಿನೆಸ್ಟರೇಸ್ ಪರೀಕ್ಷೆ ಸರಿಯಾಗಿ ಬಂದರೆ ಮೈಗೆ ಕೀಟನಾಶಕ ಸೇರಿಲ್ಲ ಅಂತಲೇ?” ಬೆಳೆಗೆ ಮದ್ದು ಹೊಡೆಯುವ ಓದುಗರೊಬ್ಬರ ಪ್ರಶ್ನೆ ಇದು. ಹಾಗೇನಿಲ್ಲ. ಯಾವ ಕೀಟನಾಶಕ ಎಂದು ಮೊದಲು ಕೇಳಬೇಕು.

ನರವು ಸ್ನಾಯುವಿಗೆ ಆಜ್ಞೆ ಮುಟ್ಟಿಸುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಮುಟ್ಟಿಸಿದ ಮೇಲೆ ಅದು ಅಲ್ಲಿ ಉಳಿಯಬಾರದು. ಅಡಿಕೆ ತೋಟಕ್ಕೆ ಬಿಟ್ಟ ನೀರು ಬಸಿಗಾಲುವೆಯಲ್ಲಿ ಹರಿದುಹೋಗದಿದ್ದರೆ ಬೇರು ಕೊಳೆಯುತ್ತದಲ್ಲ, ನರದ ಸಂದಿಯಲ್ಲಿ ಆ ಬಸಿಗಾಲುವೆಯ ಕೆಲಸ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ್ದು. ಅದರ ಒಂದು ಅಣು ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಒಡೆಯುತ್ತದೆ. ಮೊನೊಕ್ರೊಟೊಫಾಸ್‌ನಂಥ ಆರ್ಗನೊಫಾಸ್ಫೇಟ್ ಈ ಕಿಣ್ವಕ್ಕೆ ಅಂಟಿಕೊಂಡರೆ ಕಾಲುವೆ ಕಟ್ಟಿತು: ಜೊಲ್ಲು, ಬೆವರು ಸುರಿಯುತ್ತವೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ಉಸಿರು ಕಟ್ಟುತ್ತದೆ. ಅಟ್ರೊಪಿನ್ ಎಂಬ ಪ್ರತಿವಿಷ ಕೊಡುವುದು ಇದಕ್ಕೇ. ರಕ್ತದ ಕೋಲಿನೆಸ್ಟರೇಸ್ ಪರೀಕ್ಷೆ ಅಳೆಯುವುದು ಈ ಬಗೆಯ ಕಿಣ್ವವನ್ನೇ.

ಕಿಣ್ವವನ್ನು ತಡೆಯುವುದೆಲ್ಲ ವಿಷವಲ್ಲ. ಫೈಸೊಸ್ಟಿಗ್ಮಿನ್ ಎಂಬ ಔಷಧಿ ಈ ಒಡೆತವನ್ನು ತಡೆಯುತ್ತದೆಂದು 1926ರಲ್ಲಿ ಓಟ್ಟೊ ಲೋವಿ ಮತ್ತು ನವ್ರಾಟಿಲ್ ತೋರಿಸಿದರು. 1934ರಲ್ಲಿ ಇಂಗ್ಲೆಂಡಿನಲ್ಲಿ ವೈದ್ಯೆ ಮೇರಿ ವಾಕರ್ ಅದನ್ನೇ ಕೊಟ್ಟು, ಮಯಸ್ತೇನಿಯ ಎಂಬ ಸ್ನಾಯುದೌರ್ಬಲ್ಯವಿದ್ದ ರೋಗಿಯ ಸೋತ ಸ್ನಾಯುಗಳಿಗೆ ಬಲ ತಂದರು.

ಎಂಡೋಸಲ್ಫಾನ್ ಎಂಬ ಕೀಟನಾಶಕದ ದಾರಿಯೇ ಬೇರೆ. ಮಿದುಳಿನಲ್ಲಿ ಗ್ಲುಟಮೇಟ್‌ನಿಂದ ಒಂದು ಕಿಣ್ವ ‘ಗಾಬಾ’ವನ್ನು ತಯಾರಿಸುತ್ತದೆ; ಗಾಬಾ ನರಕೋಶದ ಕ್ಲೋರೈಡ್ ದ್ವಾರ ತೆರೆದು ಅದನ್ನು ಶಾಂತಗೊಳಿಸುತ್ತದೆ. ಎಂಡೋಸಲ್ಫಾನ್ ಆ ದ್ವಾರವನ್ನೇ ಮುಚ್ಚುತ್ತದೆ. ಕೋಶಗಳ ಕೆರಳಿಕೆಗೆ ತಡೆಯಿಲ್ಲದೆ ಅಪಸ್ಮಾರದಂತೆ ಸೆಳವು ಬರುತ್ತದೆ. ಕೋಲಿನೆಸ್ಟರೇಸ್‌ಗೆ ಏನೂ ಆಗಿರುವುದಿಲ್ಲ. ಅಟ್ರೊಪಿನ್ ಇಲ್ಲಿ ಪ್ರತಿವಿಷವಲ್ಲ. ಗಾಬಾದ ಕೆಲಸಕ್ಕೆ ಬಲ ಕೊಡುವ ಡಯಾಜೆಪಾಮ್‌ನಂಥ ಔಷಧಿ ಬೇಕು.

ಕಾಸರಗೋಡಿನ ಪಡ್ರೆಯ ಸುತ್ತಲಿನ ಗೇರು ತೋಟಗಳ ಮೇಲೆ 2000ದ ತನಕ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸುರಿದದ್ದು ಇದೇ ಎಂಡೋಸಲ್ಫಾನ್. ಡಾ. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಊರವರ ಸಂಕಟವನ್ನು ಹೊರಜಗತ್ತಿಗೆ ತಿಳಿಸಿದರು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಬಂದು, ರಕ್ತದಲ್ಲಿ ಎಂಡೋಸಲ್ಫಾನನ್ನೇ ಅಳೆದರು. ಸಿಂಪಡಣೆ ನಿಂತು ತಿಂಗಳುಗಳಾದರೂ ಅಲ್ಲಿನ ಹುಡುಗರಲ್ಲಿ ಸರಾಸರಿ ಶತಕೋಟಿಗೆ 7.47 ಭಾಗ ಇತ್ತು. ಹೋಲಿಕೆಗೆ ಆರಿಸಿದ ಹಳ್ಳಿಯ ಹುಡುಗರಲ್ಲಿ 1.37. ಅಧ್ಯಯನಕ್ಕೆ ಒಳಪಟ್ಟ 117 ಹುಡುಗರಲ್ಲಿ ಪ್ರೌಢಾವಸ್ಥೆ ತಡವಾಗಿದ್ದೂ ಕಂಡಿತು. 2003ರಲ್ಲಿ ವರದಿ ಪ್ರಕಟವಾಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ನಿಷೇಧಿಸಿತು.

ಕೋಲಿನೆಸ್ಟರೇಸ್ ಪರೀಕ್ಷೆ ಆರ್ಗನೊಫಾಸ್ಫೇಟ್, ಇದೇ ಕಿಣ್ವವನ್ನು ತಡೆಯುವ ಕಾರ್ಬಮೇಟ್‌ಗಳ ಮಟ್ಟಿಗೆ ಒಳ್ಳೆಯದೇ. ಆದರೆ ವೈದ್ಯರಿಗೆ “ಮದ್ದು ಕುಡಿದಿದ್ದಾರೆ” ಎಂದಷ್ಟೇ ಹೇಳಿದರೆ ಸಾಲದು. ಆಸ್ಪತ್ರೆಗೆ ಓಡುವಾಗ ಲೇಬಲ್ ಇರುವ ಬಾಟಲಿಯನ್ನೂ ಒಯ್ಯಿರಿ.