ಮುಸ್ಲಿಂ ಮಹಿಳೆಯರಲ್ಲಿ ಗರ್ಭಕಂಠ ಕ್ಯಾನ್ಸರ್ ತಪಾಸಣೆಯ ಅಡೆತಡೆಗಳು

ಗರ್ಭಕಂಠ ಕ್ಯಾನ್ಸರ್ ಗರ್ಭಾಶಯದ ಕೆಳತುದಿಯಲ್ಲಿ ಉಂಟಾಗುವ ರೋಗವಾಗಿದೆ. ಎಚ್‌ಪಿವಿ ಎಂದು ಕರೆಯಲ್ಪಡುವ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನ ಸೋಂಕು ದೀರ್ಘಕಾಲ ಉಳಿಯುವುದೇ ಇದಕ್ಕೆ ಮುಖ್ಯ ಕಾರಣ. ಸೋಂಕು ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕಾಗುವುದರಿಂದ, ತಪಾಸಣೆಯ ಮೂಲಕ ಕ್ಯಾನ್ಸರ್‌ಪೂರ್ವ ಬದಲಾವಣೆಗಳನ್ನು ಗುರುತಿಸಿ ರೋಗವನ್ನು ತಡೆಯಬಹುದು. ಆದರೂ ಅನೇಕ ದೇಶಗಳ ಮುಸ್ಲಿಂ ಮಹಿಳೆಯರು ಹಲವು ಕಾರಣಗಳಿಂದ ತಪಾಸಣೆಯಿಂದ ದೂರ ಉಳಿಯುತ್ತಾರೆ.

ಸಾಮಾಜಿಕ ಮತ್ತು ಸಾಂಸ್ಕೃತಿಕ ಕಾರಣಗಳು

ದೇಹದ ಗೋಪ್ಯತೆಗೆ ನೀಡುವ ಮಹತ್ವ ಹಾಗೂ ಪುರುಷ ವೈದ್ಯರಿಂದ ಪರೀಕ್ಷಿಸಿಕೊಳ್ಳಲು ಇರುವ ಸಂಕೋಚ ಪ್ರಮುಖ ಅಡೆತಡೆಗಳು. ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ಹರಡುವುದರಿಂದ, ಪರೀಕ್ಷೆ ಮಾಡಿಸಿಕೊಂಡರೆ ನಡತೆಯನ್ನು ಶಂಕಿಸಬಹುದೆಂಬ ಭಯವೂ ಇದೆ. ಪತಿಗೆ ನಿಷ್ಠಳಾದ ಮಹಿಳೆಗೆ ಅಪಾಯವಿಲ್ಲ ಎಂಬ ನಂಬಿಕೆ ತಪ್ಪು. ಪತಿಯ ಹಿಂದಿನ ಸಂಪರ್ಕದಿಂದಲೂ ಸೋಂಕು ತಗಲಬಹುದು. ಅವಿವಾಹಿತರಲ್ಲಿ ಕನ್ಯತ್ವಕ್ಕೆ ಧಕ್ಕೆಯಾಗುವ ಆತಂಕವಿರುತ್ತದೆ. ರೋಗವು ದೈವೇಚ್ಛೆ ಎಂಬ ಭಾವನೆ ಕೆಲವರನ್ನು ತಡೆದರೆ, ದೇವರು ಕೊಟ್ಟ ದೇಹವನ್ನು ಕಾಪಾಡುವುದು ಕರ್ತವ್ಯವೆಂಬ ನಂಬಿಕೆ ಇನ್ನು ಕೆಲವರಿಗೆ ತಪಾಸಣೆಗೆ ಪ್ರೇರಣೆಯಾಗುತ್ತದೆ. ಇಸ್ಲಾಮಿಕ್ ನ್ಯಾಯಶಾಸ್ತ್ರವು ವೈದ್ಯಕೀಯ ಅಗತ್ಯವಿದ್ದಾಗ ಪರೀಕ್ಷೆಗೆ ಅವಕಾಶ ನೀಡುತ್ತದೆ.

ವ್ಯವಸ್ಥೆಯ ಕಾರಣಗಳು

ಮಹಿಳಾ ಸಿಬ್ಬಂದಿಯ ಕೊರತೆ, ಪ್ರಯಾಣದ ವೆಚ್ಚ, ಕೂಲಿ ನಷ್ಟ, ವೈದ್ಯರು ಪರೀಕ್ಷೆಯನ್ನು ಸೂಚಿಸದಿರುವುದು ಮತ್ತು ವಲಸಿಗರಿಗೆ ಎದುರಾಗುವ ಭಾಷಾ ತೊಡಕು ಇತರ ಕಾರಣಗಳು. ಧರ್ಮವೊಂದನ್ನೇ ಹೊಣೆ ಮಾಡಲಾಗದು. ಭಾರತದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ, ಎಲ್ಲ ಸಮುದಾಯಗಳ 30–49 ವಯಸ್ಸಿನ ಮಹಿಳೆಯರಲ್ಲಿ ಒಮ್ಮೆಯಾದರೂ ಈ ತಪಾಸಣೆಗೆ ಒಳಗಾದವರು ಶೇ. 1.9 ಮಾತ್ರ. ರೋಗಲಕ್ಷಣಗಳು ಕಾಣಿಸಿಕೊಂಡ ನಂತರವೇ ಆಸ್ಪತ್ರೆಗೆ ಬರುವವರಲ್ಲಿ ರೋಗ ಈಗಾಗಲೇ ಮುಂದುವರಿದಿರುವ ಸಾಧ್ಯತೆ ಹೆಚ್ಚು.

ಪರಿಹಾರ ಕ್ರಮಗಳು

ಮುಸ್ಲಿಂ ಬಹುಸಂಖ್ಯಾತ ರಾಷ್ಟ್ರವಾದ ಟರ್ಕಿ 2014ರಲ್ಲಿ ಎಚ್‌ಪಿವಿ ಪರೀಕ್ಷೆ ಆಧಾರಿತ ರಾಷ್ಟ್ರೀಯ ತಪಾಸಣೆಯನ್ನು ಆರಂಭಿಸಿತು. 30–65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಇದು ಉಚಿತವಾಗಿದೆ. ಮಲೇಷ್ಯಾದ ‘ರೋಸ್’ ಕಾರ್ಯಕ್ರಮದಲ್ಲಿ ಮಹಿಳೆಯರು ತಾವೇ ಮಾದರಿಯನ್ನು ಸಂಗ್ರಹಿಸಿಕೊಡುವುದರಿಂದ, ಮೊದಲ ಹಂತದಲ್ಲಿ ಆಂತರಿಕ ಪರೀಕ್ಷೆಯ ಅಗತ್ಯವಿರುವುದಿಲ್ಲ. ಫಲಿತಾಂಶದಲ್ಲಿ ಸೋಂಕು ಕಂಡುಬಂದವರಿಗೆ ಮುಂದಿನ ಪರೀಕ್ಷೆ ಅವಶ್ಯಕ. ಮಹಿಳಾ ಆರೋಗ್ಯ ಕಾರ್ಯಕರ್ತೆಯರ ಮನೆಭೇಟಿ, ಮಾತೃಭಾಷೆಯಲ್ಲಿ ಮಾಹಿತಿ ಹಾಗೂ ಧಾರ್ಮಿಕ ಮುಖಂಡರ ಸಹಕಾರವೂ ನೆರವಾಗುತ್ತವೆ. 2030ರ ವೇಳೆಗೆ ಶೇ. 70ರಷ್ಟು ಮಹಿಳೆಯರು 35ನೇ ಹಾಗೂ 45ನೇ ವಯಸ್ಸಿನೊಳಗೆ ತಲಾ ಒಮ್ಮೆ ತಪಾಸಣೆಗೆ ಒಳಗಾಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ.