ಶ್ಯಾನುಭೋಗರಿಲ್ಲದ ಲೆಕ್ಕ

ಮಧ್ಯ ಅಮೆರಿಕದಲ್ಲಿ ಪೆಸಿಫಿಕ್ ಸಾಗರದ ದಂಡೆಯ ಮೇಲೆ ಎಲ್ ಸಾಲ್ವಡಾರ್ ಎಂಬ ಚಿಕ್ಕ ದೇಶವೊಂದುಂಟು. ಅದರ ವಿಸ್ತೀರ್ಣ ನಮ್ಮ ಕರ್ನಾಟಕದ ಒಂಬತ್ತನೆಯ ಒಂದು ಪಾಲಿನಷ್ಟು. ಜನಸಂಖ್ಯೆ ಅರುವತ್ತು ಲಕ್ಷದ ಆಸುಪಾಸು. 2001ರಿಂದ ಅಮೆರಿಕದ ಡಾಲರನ್ನೇ ತನ್ನ ಹಣವನ್ನಾಗಿ ಬಳಸುತ್ತ ಬಂದಿರುವ ಈ ದೇಶವು, 2021ನೆಯ ಇಸವಿ ಸೆಪ್ಟೆಂಬರ್ 7ರಂದು ಅದುವರೆಗೆ ಯಾವ ದೇಶವೂ ಮಾಡದಿದ್ದ ಪ್ರಯೋಗವೊಂದಕ್ಕೆ ಕೈಹಾಕಿತು. ಡಾಲರಿನ ಜೊತೆಗೆ ಬಿಟ್‌ಕಾಯಿನ್ ಎಂಬ ಕ್ರಿಪ್ಟೊಕರೆನ್ಸಿಯೂ ಅಂದಿನಿಂದ ಅಲ್ಲಿ ಶಾಸನಬದ್ಧ ಹಣವಾಯಿತು. ಮೆಕ್ಕೆಜೋಳದ ರೊಟ್ಟಿ ಮಾರುವ ಅಂಗಡಿಯೇ ಇರಲಿ, ಪೇಟೆಯ ದೊಡ್ಡ ಮಳಿಗೆಯೇ ಇರಲಿ, ಗಿರಾಕಿ ಬಿಟ್‌ಕಾಯಿನ್ ನೀಡಿದರೆ ತಾಂತ್ರಿಕ ಅನುಕೂಲವುಳ್ಳ ವರ್ತಕನು ಅದನ್ನು ಸ್ವೀಕರಿಸಲೇಬೇಕೆಂದು ಕಾನೂನು ವಿಧಿಸಿತು.

ಈ ಪ್ರಯೋಗಕ್ಕೆ ಕಾರಣವಿಲ್ಲದೆ ಇರಲಿಲ್ಲ. ಆ ದೇಶದ ನೂರಕ್ಕೆ ಸುಮಾರು ಎಪ್ಪತ್ತು ಮಂದಿಗೆ ಬ್ಯಾಂಕಿನ ಸೌಕರ್ಯವಿಲ್ಲವೆಂದು ಕಾನೂನಿನಲ್ಲಿಯೇ ಹೇಳಿತ್ತು. ಹೊರದೇಶಗಳಲ್ಲಿ, ಅದರಲ್ಲೂ ಅಮೆರಿಕದಲ್ಲಿ ದುಡಿಯುವ ಮಕ್ಕಳು ಮನೆಗೆ ಕಳುಹಿಸುವ ಹಣವು ಅಲ್ಲಿಯ ರಾಷ್ಟ್ರೀಯ ಉತ್ಪನ್ನದ ಐದನೆಯ ಒಂದು ಪಾಲಿಗಿಂತಲೂ ಹೆಚ್ಚು. ಹಾಗೆ ಕಳುಹಿಸಿದ ಹಣದಲ್ಲಿ ಒಂದಂಶ ದಾರಿಯಲ್ಲಿಯೇ ಮಧ್ಯವರ್ತಿಗಳ ಪಾಲಾಗುತ್ತಿತ್ತು. ಮಧ್ಯವರ್ತಿಯೇ ಇಲ್ಲದ ಹಣವೊಂದಿದ್ದರೆ ಈ ನಷ್ಟ ತಪ್ಪುವುದಿಲ್ಲವೆ?

ಪ್ರಶ್ನೆ ನ್ಯಾಯವಾದುದು. ಉತ್ತರ ಕೊಡುವ ಮುನ್ನ ಮಧ್ಯವರ್ತಿಯು ಮಾಡುವ ಕೆಲಸವೇನು, ಅವನನ್ನು ತೆಗೆದುಹಾಕಿದರೆ ಆ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದನ್ನು ವಿಚಾರಿಸೋಣ.

ಬ್ಯಾಂಕು ಮಾಡುವ ಕೆಲಸ

ಊರಿನಲ್ಲಿರುವ ತಂದೆಯು ವಿದ್ಯಾರ್ಥಿನಿಲಯದಲ್ಲಿರುವ ಮಗಳಿಗೆ ಬ್ಯಾಂಕಿನ ಮೂಲಕ 2,000 ರೂಪಾಯಿ ಕಳುಹಿಸಿದನೆಂದು ಭಾವಿಸಿರಿ. ಆ ರೂಪಾಯಿಗಳು ರೈಲು ಹತ್ತಿ ಹೋಗುವುದಿಲ್ಲ. ತಂದೆಯ ಲೆಕ್ಕದಲ್ಲಿ 2,000 ಕಳೆದು, ಮಗಳ ಲೆಕ್ಕದಲ್ಲಿ 2,000 ಕೂಡಿ ಬರೆಯಲಾಗುತ್ತದೆ, ಅಷ್ಟೆ. ಇಬ್ಬರ ಖಾತೆಗಳು ಬೇರೆ ಬೇರೆ ಬ್ಯಾಂಕುಗಳಲ್ಲಿದ್ದರೆ, ಆ ಎರಡು ಬ್ಯಾಂಕುಗಳ ನಡುವಣ ಲೆಕ್ಕವೂ ಹೀಗೆಯೇ ತೀರುತ್ತದೆ. ಇಂದಿನ ಹಣದ ಬಹುಭಾಗವು ನಾಣ್ಯವೂ ಅಲ್ಲ, ನೋಟೂ ಅಲ್ಲ. ಅದು ಪುಸ್ತಕದಲ್ಲಿ ಬರೆದಿರುವ ಒಂದು ಸಂಖ್ಯೆ.

ಆದಕಾರಣ ಹಣದ ಪ್ರಶ್ನೆಯು ಲೆಕ್ಕದ ಪುಸ್ತಕದ ಪ್ರಶ್ನೆಯಾಗಿದೆ. ಹಿಂದೆ ಹಳ್ಳಿಯ ಕಡತಗಳೆಲ್ಲ ಶ್ಯಾನುಭೋಗರ ವಶದಲ್ಲಿದ್ದವು. ಶ್ಯಾನುಭೋಗರು ಸತ್ಯವಂತರಾದರೆ ಊರಿಗೆ ನೆಮ್ಮದಿ. ಅಲ್ಲದಿದ್ದರೆ ಲೇಖನಿಯ ಒಂದು ಗೀಟಿನಿಂದ ಒಬ್ಬನ ಗದ್ದೆ ಇನ್ನೊಬ್ಬನದಾಗುವ ಭಯ. ಬ್ಯಾಂಕು ನಮ್ಮ ಹಣದ ಶ್ಯಾನುಭೋಗ. ಅದು ಮುಖ್ಯವಾಗಿ ಮೂರು ಕೆಲಸಗಳನ್ನು ಮಾಡುತ್ತದೆ: ಹಣ ಕೊಡಲು ಹೇಳುತ್ತಿರುವವನು ಖಾತೆಯ ಒಡೆಯನೇ ಎಂದು ಗುರುತಿಸುತ್ತದೆ, ಒಂದೇ ರೂಪಾಯಿಯನ್ನು ಇಬ್ಬರಿಗೆ ಕೊಡದಂತೆ ತಡೆಯುತ್ತದೆ, ತಪ್ಪು ಅಥವಾ ಮೋಸ ನಡೆದಾಗ ದೂರನ್ನು ಕೇಳಿ, ಸಾಧ್ಯವಾದ ಮಟ್ಟಿಗೆ ಸರಿಪಡಿಸುತ್ತದೆ. ಬ್ಯಾಂಕೇ ಮುಳುಗಿದರೆ ಏನು ಗತಿ ಎಂಬುದಕ್ಕಾಗಿ ಠೇವಣಿ ವಿಮೆಯೂ ಇದೆ. ನಮ್ಮ ದೇಶದಲ್ಲಿ ಅದರ ಮಿತಿಯನ್ನು 2020ರಲ್ಲಿ 5 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು.

ಆದರೂ ಬ್ಯಾಂಕುಗಳು ತಪ್ಪು ಮಾಡುವುದಿಲ್ಲವೆಂದಲ್ಲ. 2008ರಲ್ಲಿ ಅಮೆರಿಕ ಮತ್ತು ಯೂರೋಪುಗಳ ದೊಡ್ಡ ದೊಡ್ಡ ಬ್ಯಾಂಕುಗಳು ಕುಸಿದವು. ಅವನ್ನು ಎತ್ತಿನಿಲ್ಲಿಸಲು ಸರ್ಕಾರಗಳು ಬೊಕ್ಕಸದ ಹಣವನ್ನು ಸುರಿದವು. ಅದೇ ವರ್ಷ ಅಕ್ಟೋಬರ್ 31ರಂದು ಸತೋಷಿ ನಕಾಮೊಟೊ ಎಂಬ ಹೆಸರಿನಲ್ಲಿ ಒಂಬತ್ತು ಪುಟಗಳ ಒಂದು ಲೇಖನ ಪ್ರಕಟವಾಯಿತು. ಆ ಹೆಸರಿನ ಹಿಂದೆ ಇರುವವರು ಯಾರೆಂಬುದು ಇಂದಿಗೂ ಸಾಬೀತಾಗಿಲ್ಲ. ಶ್ಯಾನುಭೋಗರಿಲ್ಲದೆ ಊರಿನ ಲೆಕ್ಕ ಬರೆಯುವ ಉಪಾಯವನ್ನು ಆ ಲೇಖನ ವಿವರಿಸಿತ್ತು. 2009ರ ಜನವರಿ 3ರಂದು ಬಿಟ್‌ಕಾಯಿನ್ ಪುಸ್ತಕದ ಮೊದಲ ಹಾಳೆ ತೆರೆಯಿತು.

ಊರೆಲ್ಲ ಬರೆಯುವ ಪುಸ್ತಕ

ಉಪಾಯದ ಮೊದಲ ಹೆಜ್ಜೆ ಸುಲಭ. ಪುಸ್ತಕವನ್ನು ಒಬ್ಬರ ಪೆಟ್ಟಿಗೆಯಲ್ಲಿ ಇಡುವ ಬದಲು ಅದರ ಪ್ರತಿಯನ್ನು ಸಾವಿರಾರು ಗಣಕಯಂತ್ರಗಳಲ್ಲಿ ಇಡುವುದು. ಯಾರು ಬೇಕಾದರೂ ಓದಬಹುದು, ಪರೀಕ್ಷಿಸಬಹುದು. ಅದರಲ್ಲಿ ಹೆಸರುಗಳಿರುವುದಿಲ್ಲ, ಉದ್ದುದ್ದನೆಯ ವಿಳಾಸ ಸಂಖ್ಯೆಗಳಿರುತ್ತವೆ. ಪ್ರತಿಯೊಂದು ವಿಳಾಸಕ್ಕೂ ಒಂದು ಗುಪ್ತ ಕೀಲಿಯುಂಟು. ದಶಮಾನದಲ್ಲಿ ಬರೆದರೆ ಸುಮಾರು 77 ಅಂಕೆಗಳಷ್ಟು ಉದ್ದವಾಗುವ ಸಂಖ್ಯೆಯೇ ಈ ಕೀಲಿ. ಕೀಲಿಯುಳ್ಳವನು ಮಾತ್ರ ಹಣ ಕೊಡುವ ಆಜ್ಞೆಗೆ ರುಜು ಹಾಕಬಲ್ಲನು. ರುಜು ಸಾಚಾ ಎಂಬುದನ್ನು, ಕೀಲಿಯನ್ನು ನೋಡದೆಯೇ, ಯಾರಾದರೂ ಗಣಿತದಿಂದ ತಾಳೆನೋಡಬಹುದು. ಬ್ಯಾಂಕಿನ ಮೊದಲ ಕೆಲಸ ಹೀಗೆ ನೆರವೇರಿತು.

ಎರಡನೆಯದು ಕಠಿಣ. ಒಬ್ಬನು ತನ್ನ ಒಂದೇ ನಾಣ್ಯವನ್ನು ಏಕಕಾಲದಲ್ಲಿ ಇಬ್ಬರು ಅಂಗಡಿಯವರಿಗೆ ಕೊಟ್ಟರೆ, ಯಾವುದು ಮೊದಲು ನಡೆದುದೆಂದು ತೀರ್ಮಾನಿಸುವವರು ಯಾರು? ಎಲ್ಲರೂ ಕೈಯೆತ್ತಿ ಮತ ಹಾಕಲೆಂದರೆ, ಮೋಸಗಾರನು ಒಂದೇ ದಿನದಲ್ಲಿ ಲಕ್ಷ ಹುಸಿ ಹೆಸರುಗಳನ್ನು ಸೃಷ್ಟಿಸಿಕೊಂಡು ಬರುತ್ತಾನೆ. ಆದುದರಿಂದ ಸುಳ್ಳಾಗಿ ತೋರಿಸಲು ಬಾರದ ಯಾವುದಾದರೊಂದು ವಸ್ತುವಿನಿಂದ ಮತವನ್ನು ಅಳೆಯಬೇಕು. ನಕಾಮೊಟೊ ಆರಿಸಿದ ವಸ್ತುವೆಂದರೆ ಗಣನೆಯ ಶ್ರಮ, ಎಂದರೆ ಕೊನೆಗೆ ವಿದ್ಯುಚ್ಛಕ್ತಿ.

ಇದನ್ನು ದಾಳಗಳ ಆಟದಿಂದ ತಿಳಿಯಬಹುದು. ಹತ್ತು ದಾಳಗಳನ್ನು ಒಟ್ಟಿಗೆ ಉರುಳಿಸಿ, ಹತ್ತರಲ್ಲಿಯೂ ಆರೇ ಬೀಳಬೇಕೆಂಬುದು ಪಂದ್ಯ. 6ನ್ನು ಹತ್ತು ಸಲ ಗುಣಿಸಿದರೆ 6,04,66,176. ಎಂದರೆ ಸರಾಸರಿ ಆರು ಕೋಟಿ ಸಲ ಉರುಳಿಸಬೇಕು. ಆದರೆ ಬಿದ್ದ ಮೇಲೆ ಅದು ನಿಜವೇ ಎಂದು ನೋಡಲು ಒಂದು ನೋಟ ಸಾಕು. ಹುಡುಕಲು ಕಷ್ಟ, ಪರೀಕ್ಷಿಸಲು ಸುಲಭ. ಬಿಟ್‌ಕಾಯಿನ್‌ನಲ್ಲಿಯೂ ಹೊಸ ಹಾಳೆಯನ್ನು ಸೇರಿಸಬಯಸುವವರು ಇಂಥದೇ ಪಂದ್ಯವನ್ನು ಆಡುತ್ತಾರೆ. ಹಾಳೆಯ ಬರಹದ ಜೊತೆಗೆ ಯಾವುದೋ ಒಂದು ಸಂಖ್ಯೆಯನ್ನು ಸೇರಿಸಿ, ಅದನ್ನೆಲ್ಲ ಒಂದು ಗಣಿತ ಸೂತ್ರದಲ್ಲಿ ಅರೆದರೆ ಇನ್ನೊಂದು ಸಂಖ್ಯೆ ಬರುತ್ತದೆ. ಅದು ಗೊತ್ತಾದ ಒಂದು ಮಿತಿಗಿಂತ ಚಿಕ್ಕದಾಗಿರಬೇಕು. ಅಲ್ಲವಾದರೆ ಬೇರೊಂದು ಸಂಖ್ಯೆ ಸೇರಿಸಿ ಮತ್ತೆ ಅರೆಯಬೇಕು. ಗೆದ್ದವರಿಗೆ ಹೊಸ ಬಿಟ್‌ಕಾಯಿನ್‌ಗಳ ಬಹುಮಾನ.

ಸರಾಸರಿ ಹತ್ತು ನಿಮಿಷಕ್ಕೊಂದು ಹಾಳೆ ಸೇರುವಂತೆ ಈ ಪಂದ್ಯದ ಕಾಠಿಣ್ಯವನ್ನು 2,016 ಹಾಳೆಗಳಿಗೊಮ್ಮೆ, ಸುಮಾರು ಎರಡು ವಾರಗಳಿಗೊಮ್ಮೆ, ಹೊಂದಿಸಲಾಗುತ್ತದೆ. 2025ರ ಹೊತ್ತಿಗೆ ಒಂದು ಹಾಳೆಗಾಗಿ ನಡೆಯುತ್ತಿದ್ದ ಯತ್ನಗಳ ಸಂಖ್ಯೆಯು ರಸಾಯನಶಾಸ್ತ್ರದಲ್ಲಿ ನಾವು ಕಲಿಯುವ ಅವೊಗಾಡ್ರೊ ಸಂಖ್ಯೆಗೆ, ಎಂದರೆ 6ರ ಮುಂದೆ 23 ಸೊನ್ನೆಗಳ ಸಂಖ್ಯೆಗೆ, ಸರಿಸುಮಾರಾಗಿತ್ತು!

ಪ್ರತಿಯೊಂದು ಹಾಳೆಯಲ್ಲಿಯೂ ಹಿಂದಿನ ಹಾಳೆಯ ಮುದ್ರೆ ಇರುತ್ತದೆ. ಹಳೆಯ ಹಾಳೆಯಲ್ಲಿ ಒಂದಕ್ಷರ ತಿದ್ದಿದರೂ ಅದರ ಮುಂದಿನ ಮುದ್ರೆಗಳೆಲ್ಲ ಕೆಡುತ್ತವೆ. ಮೋಸಗಾರನು ಅಷ್ಟೂ ಪಂದ್ಯಗಳನ್ನು ಮೊದಲಿನಿಂದ ಆಡಿ, ಜಗತ್ತಿನ ಉಳಿದವರೆಲ್ಲರನ್ನೂ ಹಿಂದೆ ಹಾಕಬೇಕಾಗುತ್ತದೆ. ಉರಿದ ಕಲ್ಲಿದ್ದಲನ್ನು ಮತ್ತೆ ಕಲ್ಲಿದ್ದಲಾಗಿಸಲು ಬಾರದು. ಹಾಗೆಯೇ ವ್ಯಯವಾದ ಶಕ್ತಿಯನ್ನು ಮತ್ತೊಮ್ಮೆ ವ್ಯಯಿಸದೆ ಈ ಪುಸ್ತಕವನ್ನು ತಿದ್ದಲಾಗದು. ಮನುಷ್ಯನ ಪ್ರಾಮಾಣಿಕತೆಯ ಸ್ಥಾನದಲ್ಲಿ ನಿಸರ್ಗ ನಿಯಮವನ್ನು ಕೂರಿಸಿದ ಈ ಯುಕ್ತಿಗೆ ತಲೆದೂಗದೆ ಇರಲಾಗುವುದಿಲ್ಲ.

ಅಂಗಡಿಯ ಮುಂದೆ

ಈಗ ಈ ಯುಕ್ತಿಯನ್ನು ರೊಟ್ಟಿ ಅಂಗಡಿಗೆ ಕೊಂಡೊಯ್ಯೋಣ. ಗಿರಾಕಿ ಹಣ ಕೊಟ್ಟಿದ್ದಾನೆ. ಅದು ಹಾಳೆಗೆ ಏರಲು ಹತ್ತು ನಿಮಿಷ ಬೇಕು. ರೊಟ್ಟಿ ತಣ್ಣಗಾಗುತ್ತದೆ. ಅದೂ ಅಲ್ಲದೆ ಒಂದು ಹಾಳೆಯಲ್ಲಿ ಹಿಡಿಸುವ ವ್ಯವಹಾರಗಳಿಗೆ ಮಿತಿಯುಂಟು. ಸೆಕೆಂಡಿಗೆ ಸುಮಾರು ಏಳರಂತೆ, ಇಡೀ ಜಗತ್ತಿಗೆ! ನಮ್ಮ ದೇಶದಲ್ಲಿ 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯು ಬ್ಯಾಂಕುಗಳ ಪುಸ್ತಕಗಳ ಮೇಲೆಯೇ ನಿಂತಿದೆ. 2025ರ ಆಗಸ್ಟ್ ತಿಂಗಳೊಂದರಲ್ಲಿ ಅದರ ಮೂಲಕ ನಡೆದ ಪಾವತಿಗಳು 2,000 ಕೋಟಿಯನ್ನು ಮೀರಿದವು. ಭಾಗಿಸಿ ನೋಡಿದರೆ ಸೆಕೆಂಡಿಗೆ ಏಳು ಸಾವಿರಕ್ಕೂ ಹೆಚ್ಚು. ಒಬ್ಬ ಶ್ಯಾನುಭೋಗನನ್ನು ನಂಬಿದರೆ ಸಾವಿರಪಟ್ಟು ವೇಗ. ನಂಬದಿದ್ದರೆ ಊರೆಲ್ಲ ಕೂಡಿ ಬರೆಯುವ ನಿಧಾನ.

ಈ ನಿಧಾನವನ್ನು ತಪ್ಪಿಸಲು ಲೈಟ್ನಿಂಗ್ ಎಂಬ ಏರ್ಪಾಡುಂಟು. ಕಿರಾಣಿ ಅಂಗಡಿಯಲ್ಲಿ ತಿಂಗಳೆಲ್ಲ ಉದ್ರಿ ಬರೆಸಿ ಕೊನೆಗೊಮ್ಮೆ ತೀರಿಸುವುದನ್ನು ಅದು ಸ್ವಲ್ಪಮಟ್ಟಿಗೆ ಹೋಲುತ್ತದೆ. ಆದರೆ ಇಲ್ಲಿ ಹಣವನ್ನು ಮುಂಗಡವಾಗಿಯೇ ಕಟ್ಟಿಟ್ಟಿರಬೇಕು. ಸಣ್ಣ ಪಾವತಿಗಳು ಮುಖ್ಯ ಪುಸ್ತಕದ ಹೊರಗೆ ಕ್ಷಣಮಾತ್ರದಲ್ಲಿ ನಡೆಯುತ್ತವೆ. ಕಟ್ಟಕಡೆಯ ಲೆಕ್ಕ ಮಾತ್ರ ಪುಸ್ತಕಕ್ಕೆ ಏರುತ್ತದೆ.

ಬೆಲೆಯ ಏರಿಳಿತವು ಇನ್ನೊಂದು ತೊಡಕು. 2021ರ ನವೆಂಬರಿನಲ್ಲಿ ಒಂದು ಬಿಟ್‌ಕಾಯಿನ್‌ಗೆ ಸುಮಾರು 69,000 ಡಾಲರ್ ಬೆಲೆಯಿತ್ತು. ಒಂದು ವರ್ಷದೊಳಗೆ ಅದು 16,000ದ ಆಸುಪಾಸಿಗೆ ಇಳಿಯಿತು. ಬಿಟ್‌ಕಾಯಿನ್‌ಗಳ ಒಟ್ಟು ಸಂಖ್ಯೆ 2.1 ಕೋಟಿಯನ್ನು ಮೀರದಂತೆ ನಿಯಮವೇನೋ ಇದೆ; ಆದರೆ ಬೇಡಿಕೆ ಹಿಗ್ಗಿದಾಗ, ಕುಗ್ಗಿದಾಗ ಅದಕ್ಕೆ ಹೊಂದುವಂತೆ ಪೂರೈಕೆಯನ್ನು ಸರಿದೂಗಿಸುವವರು ಯಾರೂ ಇಲ್ಲ. ಅಳತೆಯ ಗಜಕಡ್ಡಿಯೇ ದಿನಕ್ಕೊಂದು ಉದ್ದವಾದರೆ ಬಟ್ಟೆ ವ್ಯಾಪಾರ ಮಾಡುವುದು ಹೇಗೆ?

ಮೂರನೆಯ ಕೆಲಸದ, ಎಂದರೆ ದೂರು ಕೇಳುವ ಕೆಲಸದ ಗತಿಯೇನಾಯಿತು? ಅದನ್ನು ಯಾರೂ ವಹಿಸಿಕೊಳ್ಳಲಿಲ್ಲ. ಬ್ರಿಟನ್ನಿನ ನ್ಯೂಪೋರ್ಟ್ ನಗರದಲ್ಲಿ 2013ರಲ್ಲಿ ಒಬ್ಬನ ಗಣಕಯಂತ್ರದ ಹಳೆಯ ಡಿಸ್ಕೊಂದು ಕಸದ ತಿಪ್ಪೆಗೆ ಹೋಯಿತು. ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿ ಅದರಲ್ಲಿತ್ತು. ಅವನು ಆ ತಿಪ್ಪೆಯನ್ನು ಅಗೆಯಲು ವರ್ಷಗಟ್ಟಲೆ ಅನುಮತಿ ಬೇಡಿದನು. 2025ರ ಜನವರಿಯಲ್ಲಿ ನ್ಯಾಯಾಲಯ ಅವನ ದಾವೆಯನ್ನು ತಳ್ಳಿಹಾಕಿತು. ಆ ನಾಣ್ಯಗಳು ಪುಸ್ತಕದಲ್ಲಿ ಎಲ್ಲರ ಕಣ್ಣಿಗೂ ಕಾಣುತ್ತಿವೆ. ಮುಟ್ಟಬಲ್ಲವರು ಯಾರೂ ಇಲ್ಲ. ಬ್ಯಾಂಕಿನ ಪಾಸ್‌ಬುಕ್ ಕಳೆದರೆ ಒಂದು ಅರ್ಜಿ ಸಾಕು. ಇಲ್ಲಿ ಅರ್ಜಿ ಬರೆಯಲು ಎದುರಿಗೆ ಯಾರೂ ಇಲ್ಲ.

ಇನ್ನು ವಿದ್ಯುತ್ತಿನ ವೆಚ್ಚ. ಕೇಂಬ್ರಿಜ್ ವಿಶ್ವವಿದ್ಯಾನಿಲಯದವರು 2025ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಬಿಟ್‌ಕಾಯಿನ್ ಪಂದ್ಯವು ವರ್ಷಕ್ಕೆ ಸುಮಾರು 13,800 ಕೋಟಿ ಯೂನಿಟ್ ವಿದ್ಯುತ್ತನ್ನು ನುಂಗುತ್ತದೆ. ಅದು ಜಗತ್ತಿನ ಒಟ್ಟು ಬಳಕೆಯಲ್ಲಿ ಇನ್ನೂರರಲ್ಲಿ ಒಂದು ಪಾಲು. ಎಲ್ಲ ಕ್ರಿಪ್ಟೊಕರೆನ್ಸಿಗಳೂ ಹೀಗಲ್ಲವೆಂಬುದನ್ನು ಹೇಳಲೇಬೇಕು. ಇಥೀರಿಯಮ್ ಎಂಬುದು 2022ರ ಸೆಪ್ಟೆಂಬರಿನಲ್ಲಿ ಪಂದ್ಯವನ್ನು ಕೈಬಿಟ್ಟು, ಒತ್ತೆಯಿಟ್ಟ ನಾಣ್ಯಗಳಿಂದ ಮತವನ್ನು ಅಳೆಯುವ ಬೇರೊಂದು ಕ್ರಮವನ್ನು ಹಿಡಿಯಿತು. ಅದರ ವಿದ್ಯುತ್ ವೆಚ್ಚ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ತಗ್ಗಿತು.

ಪ್ರಯೋಗದ ಫಲ

ಎಲ್ ಸಾಲ್ವಡಾರ್‌ಗೆ ಹಿಂದಿರುಗೋಣ. ಸರ್ಕಾರವು ‘ಚಿವೊ’ ಎಂಬ ಮೊಬೈಲ್ ತಂತ್ರಾಂಶವನ್ನು ಹೊರತಂದು, ನೋಂದಾಯಿಸಿಕೊಂಡವರಿಗೆ 30 ಡಾಲರ್ ಬೆಲೆಯ ಬಿಟ್‌ಕಾಯಿನ್ ಉಡುಗೊರೆ ಕೊಟ್ಟಿತು. ಜನ ಮುಗಿಬಿದ್ದರು. 2022ರಲ್ಲಿ ಅರ್ಥಶಾಸ್ತ್ರಜ್ಞರು 1,800 ಮನೆಗಳಲ್ಲಿ ವಿಚಾರಿಸಿದಾಗ, ಉಡುಗೊರೆ ಖರ್ಚಾದ ಮೇಲೆ ಬಹುಮಂದಿ ಅದನ್ನು ಮತ್ತೆ ಮುಟ್ಟಲಿಲ್ಲವೆಂದು ತಿಳಿದುಬಂತು. ಬಿಟ್‌ಕಾಯಿನ್ ಸ್ವೀಕರಿಸುತ್ತಿದ್ದ ವ್ಯಾಪಾರ ಸಂಸ್ಥೆಗಳು ಐದರಲ್ಲಿ ಒಂದು. ಯಾರ ಹಿತಕ್ಕಾಗಿ ಪ್ರಯೋಗ ಮುಖ್ಯವಾಗಿ ನಡೆದಿತ್ತೋ ಆ ಮನೆಗಳಿಗೆ ಹೊರದೇಶಗಳಿಂದ ಬಂದ ಹಣದಲ್ಲಿ, ಈ ದಾರಿಯಿಂದ ಬಂದುದು ನೂರರಲ್ಲಿ ಎರಡು ಪಾಲಿಗೂ ಕಡಿಮೆ.

ಅದಕ್ಕಿಂತಲೂ ಗಮನಾರ್ಹವಾದುದು ಮತ್ತೊಂದುಂಟು. ಚಿವೊ ಬಳಸಿದವರ ಗುಪ್ತ ಕೀಲಿಗಳು ಅವರ ಕೈಯಲ್ಲಿರಲಿಲ್ಲ. ಚಿವೊ ನಡೆಸುವವರ ಕೈಯಲ್ಲಿದ್ದವು. ಮುಂಬಾಗಿಲಿನಿಂದ ಹೊರಗೆ ಹೋದ ಶ್ಯಾನುಭೋಗ ಹಿಂಬಾಗಿಲಿನಿಂದ ಒಳಗೆ ಬಂದಿದ್ದ! ಇದು ಆ ದೇಶವೊಂದರ ಕಥೆಯಲ್ಲ. ಕೀಲಿ ಕಾಯುವ ಹೊಣೆ ಭಾರವೆಂದು ಜಗತ್ತಿನ ಎಷ್ಟೋ ಮಂದಿ ತಮ್ಮ ನಾಣ್ಯಗಳನ್ನು ವಿನಿಮಯ ಕೇಂದ್ರಗಳಿಗೆ ಒಪ್ಪಿಸಿದ್ದಾರೆ. ಅಂಥ ಕೇಂದ್ರಗಳಲ್ಲಿ 2014ರಲ್ಲಿ ಜಪಾನಿನ ಮೌಂಟ್ ಗಾಕ್ಸ್, 2022ರಲ್ಲಿ ಎಫ್‌ಟಿಎಕ್ಸ್ ದಿವಾಳಿಯೆದ್ದಾಗ, ಬ್ಯಾಂಕಿನ ಠೇವಣಿದಾರರಿಗಿರುವ ವಿಮೆ ಅವರಿಗೆ ಇರಲಿಲ್ಲ.

2024ರ ಡಿಸೆಂಬರಿನಲ್ಲಿ ಎಲ್ ಸಾಲ್ವಡಾರ್ ಅಂತರರಾಷ್ಟ್ರೀಯ ಹಣಕಾಸು ನಿಧಿಯೊಡನೆ 140 ಕೋಟಿ ಡಾಲರ್ ಸಾಲದ ಒಪ್ಪಂದಕ್ಕೆ ಬಂದಿತು. ಅದರಂತೆ 2025ರ ಜನವರಿಯಲ್ಲಿ ಕಾನೂನು ತಿದ್ದುಪಡಿಯಾಗಿ, ಬಿಟ್‌ಕಾಯಿನ್ ಸ್ವೀಕರಿಸುವುದು ವರ್ತಕನ ಇಷ್ಟಕ್ಕೆ ಬಿಟ್ಟ ವಿಷಯವಾಯಿತು.

ಹಾಗಾದರೆ ಈ ಶೋಧ ವ್ಯರ್ಥವೆ? ಹಾಗೆನ್ನಲಾಗದು. ಬ್ಯಾಂಕುಗಳನ್ನು ನಂಬಲಾಗದ ನಾಡುಗಳಲ್ಲಿ, ಆಳುವವರು ಖಾತೆಗಳನ್ನು ಮುಟ್ಟುಗೋಲು ಹಾಕುವ ಕಡೆಗಳಲ್ಲಿ, ಯಾರ ಅಪ್ಪಣೆಯನ್ನೂ ಬೇಡದ ಲೆಕ್ಕದ ಪುಸ್ತಕಕ್ಕೆ ಬೆಲೆಯುಂಟು. ಅಲ್ಲಿ ನಿಧಾನವನ್ನೂ ಅಪಾಯವನ್ನೂ ಸಹಿಸಲು ಕಾರಣವಿದೆ. ನಮ್ಮ ದೇಶದಲ್ಲಿ ಕ್ರಿಪ್ಟೊಕರೆನ್ಸಿ ಶಾಸನಬದ್ಧ ಹಣವಲ್ಲ. 2022ರ ಏಪ್ರಿಲಿನಿಂದ ಅದರ ಲಾಭಕ್ಕೆ ನೂರಕ್ಕೆ 30ರಂತೆ ತೆರಿಗೆಯುಂಟು. ಬೇಗನೆ ಶ್ರೀಮಂತರಾಗಬಹುದೆಂದು ತರುಣರನ್ನು ಅದರತ್ತ ಕರೆಯುವವರಿಗೇನೂ ಕೊರತೆಯಿಲ್ಲ.

ಅಂಥ ಕರೆ ಬಂದಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಕೇಳಲೆಂಬುದು ನಮ್ಮ ಆಶಯ. ಪುಸ್ತಕ ಬರೆಯುವವರು ಯಾರು? ಕೀಲಿ ಯಾರ ಕೈಯಲ್ಲಿದೆ? ತಪ್ಪಾದರೆ ಯಾರ ಬಾಗಿಲು ತಟ್ಟಬೇಕು? ಶಕ್ತಿಯನ್ನು ಶೂನ್ಯದಿಂದ ಸೃಷ್ಟಿಸಲಾಗದೆಂದು ನಾವು ತರಗತಿಯಲ್ಲಿ ಕಲಿಯುತ್ತೇವೆ. ನಂಬಿಕೆಯ ವಿಷಯದಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ. ಬ್ಯಾಂಕಿನಲ್ಲಿ ಅದರ ಬೆಲೆಯನ್ನು ಶುಲ್ಕದಿಂದಲೂ ಅವಲಂಬನೆಯಿಂದಲೂ ತೆರುತ್ತೇವೆ. ಬಿಟ್‌ಕಾಯಿನ್‌ನಲ್ಲಿ ವಿದ್ಯುತ್ತು, ಕಾಲ ಮತ್ತು ನಮ್ಮದೇ ಎಚ್ಚರಿಕೆಯಿಂದ ತೆರಬೇಕು. ಎರಡನ್ನೂ ತೂಗಿ ನೋಡದೆ ಕೈಹಾಕುವುದು ಜಾಣತನವಲ್ಲ.